ನಕ್ಷೆಯ ವಯಸ್ಸು

ಒಂದು ಕಾಲಕ್ಕೆ ನಿಜವಾಗಿದ್ದ ಮಾತು ಮುಂದೊಂದು ದಿನ ಸುಳ್ಳಾದರೆ, ಅದನ್ನು ಹೇಳಿದವರನ್ನು ಸುಳ್ಳುಗಾರರು ಎನ್ನಬಹುದೇ? ಹೇಳಿದಾಗ ಅದು ನಿಜವೇ ಆಗಿತ್ತು. ಹೇಳಿದವರಿಗೆ ಮೋಸ ಮಾಡುವ ಉದ್ದೇಶವೂ ಇರಲಿಲ್ಲ. ಆಮೇಲೆ ಲೋಕ ಬದಲಾಯಿತು, ಮಾತು ಬದಲಾಗಲಿಲ್ಲ, ಅಷ್ಟೆ. ಜಗಲಿಯಲ್ಲಿ ಕೂತು ಕೇಳಿದರೆ ಇದು ಬರಿಯ ತರ್ಕದ ಆಟದಂತೆ ಕಾಣುತ್ತದೆ. ಆದರೆ ಆ ಮಾತನ್ನು ನಂಬಿ ಯಾರೋ ಗಾಡಿ ಹತ್ತಿ ಹೊರಟಿದ್ದರೆ ಅದು ಆಟವಾಗಿ ಉಳಿಯುವುದಿಲ್ಲ.

2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಜಿಲ್ಲೆಯಲ್ಲಿ ಒಂದು ಕಾರು ರಾಮಗಂಗಾ ನದಿಯ ಸೇತುವೆಯ ಮೇಲಿಂದ ಕೆಳಗೆ ಬಿದ್ದು ಮೂವರು ತೀರಿಕೊಂಡರು. ಆ ಸೇತುವೆಯ ಒಂದು ಭಾಗ ಅದಕ್ಕೆ ಮೊದಲೇ ಪ್ರವಾಹದಲ್ಲಿ ಕೊಚ್ಚಿಹೋಗಿತ್ತು. ಅವರು ಫೋನಿನ ನಕ್ಷೆ ತೋರಿಸಿದ ದಾರಿ ಹಿಡಿದಿದ್ದರು ಎಂದು ವರದಿಗಳು ಬಂದವು. ಸೇತುವೆಗೆ ಅಡ್ಡಗಟ್ಟೆ ಇರಲಿಲ್ಲ ಎಂದೂ ಬಂದವು. ಯಾರ ತಪ್ಪು ಎಂಬ ಚರ್ಚೆ ಕೆಲವು ದಿನ ನಡೆಯಿತು. ಅಡ್ಡಗಟ್ಟೆ ಹಾಕದವರ ಹೊಣೆ ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಆದರೆ ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ. ನಕ್ಷೆ ಇಲ್ಲದ್ದನ್ನು ಕಲ್ಪಿಸಿ ಹೇಳಿರಲಿಲ್ಲ. ಅಲ್ಲಿ ಸೇತುವೆ ಇತ್ತು. ‘ಇತ್ತು’ ಎನ್ನಬೇಕಾದಲ್ಲಿ ಅದು ‘ಇದೆ’ ಎಂದಿತು.

ಇದೇ ಪ್ರಶ್ನೆ ನನ್ನ ಮೇಜಿನ ಮೇಲೆ ಬಂದು ಕೂತದ್ದು ನಮ್ಮ ಭಾವನವರ ಜಿಪಿಎಸ್ ಪೆಟ್ಟಿಗೆಯ ರೂಪದಲ್ಲಿ. ಅವರು ಬ್ಯಾಂಕಿನ ಕೆಲಸದಲ್ಲಿದ್ದಾಗ, 2010ರಲ್ಲಿ ಕೊಂಡದ್ದು. ಅಂಗೈಯಗಲದ ಪರದೆ, ಕಾರಿನ ಮುಂಗಾಜಿಗೆ ಅಂಟಿಕೊಂಡು ಕೂರುವ ರಬ್ಬರಿನ ಬಟ್ಟಲು, ಇಂಗ್ಲಿಷಿನಲ್ಲಿ ದಾರಿ ಹೇಳುವ ಹೆಣ್ಣು ದನಿ. ‘ಫೋನಿನಲ್ಲೇ ಎಲ್ಲ ಇದೆಯಲ್ಲ ಭಾವ’ ಅಂದರೆ, ‘ಘಾಟಿಯಲ್ಲಿ ನಿನ್ನ ಫೋನು ಸಿಗ್ನಲ್ ಇಲ್ಲ ಅಂತ ಕೈಯೆತ್ತುತ್ತೆ, ಇದು ಎತ್ತಲ್ಲ’ ಅನ್ನುತ್ತಾರೆ. ಮಾತು ಸುಳ್ಳಲ್ಲ. ಇದರ ನಕ್ಷೆ ಇದರ ಹೊಟ್ಟೆಯಲ್ಲೇ ಇದೆ. ಆಗುಂಬೆ ಇಳಿದು ಸೋಮೇಶ್ವರ ಸೇರುವವರೆಗೂ ಅದಕ್ಕೆ ಯಾವ ಟವರೂ ಬೇಡ. ಈಗ ಅವರಿಗೆ ಎಪ್ಪತ್ತು. ಅಕ್ಕನನ್ನು ಕೂರಿಸಿಕೊಂಡು ಅವರೊಬ್ಬರೇ ಗಾಡಿ ಓಡಿಸುತ್ತಾರೆ, ಕೆಲವೊಮ್ಮೆ ಕತ್ತಲಾದ ಮೇಲೂ. ‘ಇದಕ್ಕೆ ಹೊಸ ನಕ್ಷೆ ಹಾಕಿಕೊಡು’ ಎಂದು ಪೆಟ್ಟಿಗೆಯನ್ನು ನನಗೆ ಒಪ್ಪಿಸಿದರು.

ಅದರ ಜ್ಞಾನಕ್ಕೆ ಎಷ್ಟು ವಯಸ್ಸಾಗಿದೆ ಎಂಬುದು ಆನ್ ಮಾಡಿದೊಡನೆ ಗೊತ್ತಾಯಿತು. ಶಿವಮೊಗ್ಗ ಎಂದು ಹುಡುಕಿದರೆ ಅಂಥ ಊರಿಲ್ಲ ಎಂದಿತು. 2014ರ ನವೆಂಬರ್ 1ರಂದು ನಮ್ಮ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾದ ಸುದ್ದಿ ಅದಕ್ಕೆ ತಲುಪಿಲ್ಲ. ಅದಕ್ಕೆ ‘ಶಿಮೊಗಾ’ ಗೊತ್ತು, ‘ಬೆಲ್ಗಾಮ್’ ಗೊತ್ತು. ಕರಾವಳಿಯ ಹೆದ್ದಾರಿ ಅದರ ಪಾಲಿಗೆ ಇನ್ನೂ 17, ನಮಗೆಲ್ಲ ಅದು 66 ಆಗಿ ಎಷ್ಟೋ ಕಾಲವಾಯಿತು. ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದದ್ದು 2023ರ ಮಾರ್ಚಿನಲ್ಲಿ. ಅದರ ಮದ್ದೂರು ಬೈಪಾಸಿನಲ್ಲಿ ಹೋಗುವಾಗ ಪರದೆಯ ಮೇಲೆ ಭಾವನವರ ಕಾರು ರಸ್ತೆಯೇ ಇಲ್ಲದ ಬಯಲಲ್ಲಿ ತೇಲುತ್ತದಂತೆ, ಆ ದನಿ ಹಿಂದಿರುಗಿ ಎಂದು ಬೇಡಿಕೊಳ್ಳುತ್ತದಂತೆ.

ಆ ಮಾದರಿಗೆ ನಕ್ಷೆ ತುಂಬುವ ತಂತ್ರಾಂಶ ನನ್ನ ಹೊಸ ಲ್ಯಾಪ್‌ಟಾಪಿನಲ್ಲಿ ಕೂರಲೇ ಇಲ್ಲ. ಅಟ್ಟದ ಮೇಲಿದ್ದ ವಿಂಡೋಸ್ 7ರ ಕಂಪ್ಯೂಟರನ್ನು ಇಳಿಸಬೇಕಾಯಿತು. ಅದನ್ನು ತಯಾರಕರೇ 2020ರ ಜನವರಿಯಲ್ಲಿ ಕೈಬಿಟ್ಟಿದ್ದಾರೆ. ಒಬ್ಬ ಮುದುಕನಿಗೆ ಇನ್ನೊಬ್ಬ ಮುದುಕ ಆಸರೆಯಾದಂತೆ ಎರಡನ್ನೂ ಹಳೆಯ ದಪ್ಪ ಮೂತಿಯ ಕೇಬಲ್ಲಿನಿಂದ ಜೋಡಿಸಿದೆ. ಇಂಟರ್ನೆಟ್ ಇತ್ತು, ಆದರೆ ಸರ್ವರು ಬಾಗಿಲು ತೆರೆಯಲಿಲ್ಲ. ಪ್ರಮಾಣಪತ್ರ ಸಿಂಧುವಲ್ಲ ಎಂಬ ಒಂದೇ ಉತ್ತರ. ಕಾರಣ ಸಣ್ಣದು. ಕಂಪ್ಯೂಟರಿನ ಒಳಗೆ ಹೊತ್ತು ನೆನಪಿಡಲೆಂದು ನಾಣ್ಯದಾಕಾರದ ಒಂದು ಸೆಲ್ ಇರುತ್ತದೆ. ಅದು ಸತ್ತಿತ್ತು. ಯಂತ್ರ ತಾನು ಇನ್ನೂ 2009ರಲ್ಲಿದ್ದೇನೆ ಎಂದುಕೊಂಡಿತ್ತು. ಇಂದಿನ ಪ್ರಮಾಣಪತ್ರ ಅದರ ಕಣ್ಣಿಗೆ ಇನ್ನೂ ಹುಟ್ಟದೇ ಇರುವ ಕಾಗದ. ಹೊಸದೇನನ್ನಾದರೂ ಅದಕ್ಕೆ ಕೊಡುವ ಮೊದಲು ಇವತ್ತು ಯಾವ ತಾರೀಕು ಎಂದು ಹೇಳಿಕೊಡಬೇಕಾಯಿತು. ಅಂಗಡಿಯಿಂದ ಹೊಸ ಸೆಲ್ ತಂದು ಹಾಕಿ, ತಾರೀಕು ತಿದ್ದಿದ ಮೇಲೆ ಬಾಗಿಲು ತೆರೆಯಿತು. ರಾತ್ರಿಯಿಡೀ ನಕ್ಷೆ ಇಳಿಯಿತು.

ಬೆಳಗ್ಗೆ ಪರದೆಯ ಮೇಲೆ ಹಸಿರು ಗುರುತಿನ ಜೊತೆ ಒಂದು ಸಾಲು ಇತ್ತು: ನಿಮ್ಮ ನಕ್ಷೆ ಅತ್ಯಂತ ಇತ್ತೀಚಿನದು. ಸಂತೋಷವಾಯಿತು. ಆದರೆ ಮದ್ದೂರಿನ ಬೈಪಾಸು ಹುಡುಕಿದರೆ ಅದು ಇಲ್ಲ. ಆಯ್ಕೆಗಳ ಪಟ್ಟಿಯೊಳಗೆ ನಾಲ್ಕು ಮೆಟ್ಟಿಲು ಇಳಿದ ಮೇಲೆ ನಕ್ಷೆಯ ವರ್ಷ ಸಿಕ್ಕಿತು: 2019. ಆ ಮಾದರಿಗೆ ಕಂಪನಿ ಮಾಡಿದ ಕಡೆಯ ನಕ್ಷೆ ಅದು. ಪೆಟ್ಟಿಗೆಯ ಮೇಲೆ ‘ಜೀವನಪರ್ಯಂತ ಉಚಿತ ನಕ್ಷೆ’ ಎಂದಿದೆ. ಯಾರ ಜೀವನ? ಕೊಂಡವರದಲ್ಲ. ಯಂತ್ರದ್ದು. ಯಂತ್ರದ ಆಯುಷ್ಯ ಎಷ್ಟು ಎಂದು ನಿರ್ಧರಿಸುವವರು ಮಾರಿದವರು. ಚಿಕ್ಕ ಅಕ್ಷರಗಳಲ್ಲಿ ಹಾಗೆಯೇ ಬರೆದಿದೆ. ಆದ್ದರಿಂದ ‘ಅತ್ಯಂತ ಇತ್ತೀಚಿನದು’ ಎಂಬುದು ಅಕ್ಷರಶಃ ನಿಜ. ತಮ್ಮ ಬಳಿ ಇರುವುದರಲ್ಲಿ ಇತ್ತೀಚಿನದು ಎಂಬ ಅರ್ಥದಲ್ಲಿ. ನನ್ನ ಕಷ್ಟ ಶುರುವಾದದ್ದು ಇಲ್ಲಿಂದ. ಭಾವ ಫೋನ್ ಮಾಡಿ ‘ಆಯ್ತಾ?’ ಎಂದರೆ ಏನು ಹೇಳಬೇಕು? ‘ಆಯ್ತು’ ಎಂದರೂ ನಿಜ. ಆ ಒಂದು ಪದವನ್ನು ನಂಬಿ ಅವರು ಅಕ್ಕನನ್ನು ಕೂರಿಸಿಕೊಂಡು ಹೊರಡುತ್ತಾರೆ.

ಆ ಪೆಟ್ಟಿಗೆಯೊಳಗೆ ಎರಡು ಬಗೆಯ ತಿಳಿವಳಿಕೆ ಇದೆ ಎಂಬುದನ್ನು ನಾವು ಮರೆಯುತ್ತೇವೆ. ಒಂದು ಆಕಾಶದಿಂದ ಬರುವುದು. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ತಮ್ಮ ಹೊತ್ತನ್ನೂ ನೆಲೆಯನ್ನೂ ಸಾರುತ್ತಿರುತ್ತವೆ. ನಾಲ್ಕು ಉಪಗ್ರಹಗಳ ಮಾತು ಕೇಳಿಸಿದರೆ ಪೆಟ್ಟಿಗೆ ತಾನೆಲ್ಲಿದ್ದೇನೆಂದು ಲೆಕ್ಕ ಹಾಕುತ್ತದೆ. ಇನ್ನೊಂದು ಅದರ ಹೊಟ್ಟೆಯಲ್ಲಿರುವ ನಕ್ಷೆ. ಮೊದಲನೆಯದು ‘ನೀನು ಇಲ್ಲಿದ್ದೀಯ’ ಎನ್ನುತ್ತದೆ, ಈ ಕ್ಷಣದ ಮಾತು. ಎರಡನೆಯದು ‘ಇಲ್ಲಿ ಇಂಥ ರಸ್ತೆ ಇದೆ’ ಎನ್ನುತ್ತದೆ, ಎಂದೋ ಬರೆದಿಟ್ಟ ಮಾತು. ಪರದೆಯ ಮೇಲೆ ಎರಡೂ ಬೆರೆತು ಒಂದೇ ಚಿತ್ರವಾಗುತ್ತವೆ. ಮೊದಲನೆಯದರ ತಾಜಾತನವನ್ನು ಎರಡನೆಯದೂ ಸದ್ದಿಲ್ಲದೆ ಕಡ ಪಡೆಯುತ್ತದೆ.

ಇದರಲ್ಲಿ ಆಕಾಶದವರ ಪ್ರಾಮಾಣಿಕತೆ ನನಗೆ ತುಂಬ ಹಿಡಿಸಿತು. ಉಪಗ್ರಹದ ಗಡಿಯಾರ ಸಾಪೇಕ್ಷತೆಯ ಕಾರಣಕ್ಕೆ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡು ಮುಂದೆ ಓಡಬೇಕು. ಅದನ್ನು ಮೊದಲೇ ತಿದ್ದಿಟ್ಟಿರುತ್ತಾರೆ. ನೆಲದ ಕೇಂದ್ರಗಳು ಪದೇ ಪದೇ ಹೊಸ ಲೆಕ್ಕ ಕಳಿಸುತ್ತವೆ. ಅದಕ್ಕಿಂತ ದೊಡ್ಡದು, ಉಪಗ್ರಹ ತನ್ನ ಕಕ್ಷೆಯ ವಿವರ ಹೇಳುವಾಗ ಅದು ಯಾವ ಹೊತ್ತಿನ ವಿವರ, ಎಷ್ಟು ಹೊತ್ತು ಅದನ್ನು ನಂಬಬಹುದು ಎಂಬುದನ್ನೂ ಅದೇ ಸಂದೇಶದಲ್ಲಿ ಹೇಳುತ್ತದೆ. ಸಾಮಾನ್ಯವಾಗಿ ನಾಲ್ಕು ಗಂಟೆ. ಆಮೇಲೆ ಅದನ್ನು ಬಿಟ್ಟು ಹೊಸದನ್ನು ಕೇಳಿಸಿಕೊಳ್ಳಬೇಕು. ಅಂದರೆ ಅದು ಸತ್ಯವನ್ನು ಅದರ ಆಯುಷ್ಯದ ಸಮೇತ ಕೊಡುತ್ತದೆ. ನಕ್ಷೆಯ ದನಿಗೆ ಈ ಅಭ್ಯಾಸ ಇಲ್ಲ. ‘ಮುನ್ನೂರು ಮೀಟರಿನ ನಂತರ ಎಡಕ್ಕೆ ತಿರುಗಿ’ ಎನ್ನುವಾಗ ಅದರ ಸ್ವರದಲ್ಲಿ ಹತ್ತು ವರ್ಷದ ಹಿಂದಿನ ರಸ್ತೆಗೂ ನಿನ್ನೆಯ ರಸ್ತೆಗೂ ಭೇದವಿಲ್ಲ.

ನಮ್ಮ ನ್ಯಾಯಶಾಸ್ತ್ರದವರು ಇನ್ನೊಬ್ಬರ ಮಾತನ್ನು ನಂಬುವುದರ ಬಗ್ಗೆ ಬಹಳ ಯೋಚಿಸಿದ್ದಾರೆ. ಯಾರ ಮಾತು ಪ್ರಮಾಣ? ಆಪ್ತನ ಮಾತು. ಯಾರು ಆಪ್ತ? ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನ ಹೇಳುವುದರ ಸಾರ ಇದು: ವಿಷಯವನ್ನು ತಾನೇ ಕಂಡು ತಿಳಿದವನು, ಕಂಡದ್ದನ್ನು ಕಂಡ ಹಾಗೆ ತಿಳಿಸಬೇಕೆಂಬ ಮನಸ್ಸುಳ್ಳವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ಆತ ಸೇರಿಸುತ್ತಾನೆ. ಹುಟ್ಟು ಮುಖ್ಯವಲ್ಲ, ಕಂಡದ್ದು ಮುಖ್ಯ. ಇದೇ ನೈಯಾಯಿಕರು ಸ್ಮೃತಿಯನ್ನು, ಅಂದರೆ ನೆನಪನ್ನು, ಪ್ರಮೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. ನೆನಪು ಕೆಟ್ಟದ್ದೆಂದಲ್ಲ. ಅದು ಹಿಂದಿನ ಅನುಭವದ ಮರುಕಳಿಕೆ, ಈಗಿನ ವಸ್ತುವನ್ನು ಅದು ಮುಟ್ಟುತ್ತಿಲ್ಲ. ನಕ್ಷೆ ಎಂಬುದು ಹೀಗೆ ನೋಡಿದರೆ ಸ್ಮೃತಿ. ಪ್ರತ್ಯಕ್ಷದ ಪಕ್ಕದಲ್ಲಿ ಕೂತು ತಾನೂ ಪ್ರತ್ಯಕ್ಷವೆಂಬಂತೆ ಮಾತಾಡುವ ಸ್ಮೃತಿ.

ವಾತ್ಸ್ಯಾಯನನ ಆಪ್ತ ನಮಗೆ ಅಪರಿಚಿತನೇನಲ್ಲ. ಊರ ಹೊರಗಿನ ಟೀ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ದಾರಿ ಕೇಳಿ ನೋಡಿ. ‘ನೇರ ಹೋಗಿ, ಅರಳಿಕಟ್ಟೆ ಸಿಗ್ತದೆ, ಅಲ್ಲಿ ಬಲಕ್ಕೆ ತಿರುಗಿ’ ಎಂದ ಮೇಲೆ ಆತ ಕೊನೆಗೆ ಒಂದು ಮಾತು ಹೇಳುತ್ತಾನೆ: ‘ಅಲ್ಲಿ ಮುಂದೆ ಯಾರನ್ನಾದ್ರೂ ಕೇಳಿ.’ ನಾವು ಅದನ್ನು ಉಪಚಾರದ ಮಾತೆಂದು ಕೇಳಿಸಿಕೊಳ್ಳುವುದೇ ಇಲ್ಲ. ನನಗೀಗ ಅದೇ ಅವನ ಮಾತಿನ ಮುಖ್ಯ ಭಾಗವೆನಿಸುತ್ತದೆ. ನಾನು ಕಂಡದ್ದು ಅರಳಿಕಟ್ಟೆಯವರೆಗೆ, ಅಲ್ಲಿಂದಾಚೆಗೆ ನನ್ನನ್ನು ನಂಬಬೇಡಿ, ಅಲ್ಲಿರುವವರನ್ನು ನಂಬಿ ಎಂದು ಆತ ಹೇಳುತ್ತಿದ್ದಾನೆ. ಉಪಗ್ರಹ ತನ್ನ ಮಾತಿಗೆ ನಾಲ್ಕು ಗಂಟೆಯ ಗಡಿ ಹಾಕಿದಂತೆ ಈತ ಅರಳಿಕಟ್ಟೆಯ ಗಡಿ ಹಾಕುತ್ತಾನೆ.

ಇದಕ್ಕೆ ಎರಡು ಆಕ್ಷೇಪ ಬರಬಹುದು. ಪ್ರತಿ ಮಾತಿಗೂ ತಾರೀಕು ಹಾಕುತ್ತಾ ಕೂತರೆ ಬದುಕು ಸಾಗುತ್ತದೆಯೇ ಎಂಬುದು ಒಂದು. ಎಲ್ಲಕ್ಕೂ ಬೇಡ. ಆಗುಂಬೆಯ ಬೆಟ್ಟ ಇದ್ದಲ್ಲೇ ಇರುತ್ತದೆ, ಬೇಗ ಬದಲಾಗುವುದು ಸೇತುವೆ, ಬೈಪಾಸು, ಏಕಮುಖ ಸಂಚಾರದ ಬೀದಿ. ಸರ್ವೇ ಆಫ್ ಇಂಡಿಯಾದ ಹಳೆಯ ಕಾಗದದ ನಕ್ಷೆಗಳ ಅಂಚಿನಲ್ಲಿ ಯಾವ ವರ್ಷ ಅಳತೆ ಮಾಡಿದ್ದೆಂದು ಮುದ್ರಿಸಿರುತ್ತಾರೆ. ಎಷ್ಟೋ ಹಳೆಯ ಹಾಳೆಗಳು ಇಂದಿಗೂ ಕೆಲಸಕ್ಕೆ ಬರುತ್ತವೆ, ಏಕೆಂದರೆ ಅವು ತಮ್ಮ ವಯಸ್ಸು ಮುಚ್ಚಿಡುವುದಿಲ್ಲ. ಎರಡನೆಯ ಆಕ್ಷೇಪ ಭಾವನವರದೇ: ‘ಓಡಿಸೋನಿಗೆ ಕಣ್ಣಿರೋದು ಯಾತಕ್ಕೆ?’ ಒಪ್ಪಬೇಕಾದ ಮಾತು. ಆದರೆ ಇಡೀ ದಾರಿಯನ್ನು ಅನುಮಾನದಿಂದ ನೋಡಲು ಯಾರಿಂದಲೂ ಆಗುವುದಿಲ್ಲ. ಎಲ್ಲಿ ಅನುಮಾನಿಸಬೇಕು ಎಂದು ತಿಳಿದರೆ ಕಣ್ಣು ಎಚ್ಚರವಾಗುತ್ತದೆ. ವಯಸ್ಸು ಮುಚ್ಚಿಟ್ಟ ನಕ್ಷೆ ಕೇಳುವವರಿಂದ ಕಸಿದುಕೊಳ್ಳುವುದು ಆ ಎಚ್ಚರವನ್ನೇ.

ಮನುಷ್ಯರ ವಿಷಯದಲ್ಲಿ ನಾವೆಲ್ಲ ಹಳೆಯ ನಕ್ಷೆ ಹೊತ್ತೇ ತಿರುಗುತ್ತೇವೆ. ಇಪ್ಪತ್ತು ವರ್ಷದ ಹಿಂದೆ ಸಾಲ ತೀರಿಸದ ನೆಂಟ ಇವತ್ತಿಗೂ ನಮ್ಮ ಮಾತಿನಲ್ಲಿ ಸಾಲ ತೀರಿಸದವನೇ. ಹತ್ತನೇ ತರಗತಿಯಲ್ಲಿ ನಪಾಸಾದ ಹುಡುಗಿಗೆ ನಲವತ್ತಾದರೂ ಊರಿನ ಬಾಯಲ್ಲಿ ಅದೇ ಗುರುತು. ಅವರು ಎದುರಿಗೇ ಕೂತಿರುತ್ತಾರೆ, ಕಣ್ಣಿಗೆ ಕಾಣುತ್ತಿರುತ್ತಾರೆ. ನಾವು ಓದುವುದು ಮಾತ್ರ ಎಂದೋ ಬರೆದಿಟ್ಟ ನಕ್ಷೆಯನ್ನು. ಆ ಮನೆಗೆ ಹೆಣ್ಣು ಕೊಡಬಹುದೇ, ಅವನಿಗೆ ಕೆಲಸ ಕೊಡಬಹುದೇ ಎಂದು ಯಾರಾದರೂ ನಮ್ಮನ್ನು ಕೇಳಿದಾಗ ನಾವು ದಾರಿ ಹೇಳುವವರಾಗುತ್ತೇವೆ. ಆಗ ‘ಅವನು ಹೀಗೆ’ ಎನ್ನುವುದಕ್ಕೂ ‘ನಾನು ಕಂಡಾಗ ಹೀಗಿದ್ದ, ಈಗ ಹೇಗೋ ಹತ್ತಿರದವರನ್ನು ಕೇಳಿ’ ಎನ್ನುವುದಕ್ಕೂ ಒಂದು ಬಾಳಿನಷ್ಟು ಅಂತರವಿದೆ.

ಹಾಗೆಂದು ಹಳೆಯದನ್ನೆಲ್ಲ ಅಳಿಸಿಹಾಕಬೇಕೆಂದೂ ಅಲ್ಲ. ಹೊಸ ನಕ್ಷೆ ಹಾಕುವ ಮೊದಲು ಪೆಟ್ಟಿಗೆಯಲ್ಲಿ ಭಾವ ಗುರುತು ಮಾಡಿಟ್ಟಿದ್ದ ಜಾಗಗಳನ್ನು ನಾನು ಬೇರೆಡೆ ಉಳಿಸಿದ್ದೆ. ಇಪ್ಪತ್ಮೂರು ಇದ್ದವು. ಸಾಗರದ ಹತ್ತಿರ ಅವರು ಹುಟ್ಟಿದ ಮನೆ, ಅದು ಮಾರಿಹೋಗಿದೆ. ಬಾಗಿಲು ಹಾಕಿದ ಒಂದು ಹೋಟೆಲು. ತೀರಿಕೊಂಡ ಸ್ನೇಹಿತರೊಬ್ಬರ ಮನೆ. ಇವನ್ನು ತೆಗೆದುಬಿಡಲೇ ಎಂದು ಕೇಳಿದೆ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇರಲಿ ಬಿಡು. ಅವು ಹೋಗೋಕೆ ಇಟ್ಟದ್ದಲ್ಲ’ ಅಂದರು. ಅವರಿಗೆ ವ್ಯತ್ಯಾಸ ನನಗಿಂತ ಚೆನ್ನಾಗಿ ಗೊತ್ತಿತ್ತು. ನೆನಪು ನೆನಪಾಗಿ ಇರುವಷ್ಟು ಕಾಲ ಅದರಲ್ಲಿ ಸುಳ್ಳಿಲ್ಲ. ಅದನ್ನು ದಾರಿ ಕೇಳಿದಾಗ ಮಾತ್ರ ಅದರ ವಯಸ್ಸು ನೋಡಬೇಕು.

ಆದ್ದರಿಂದ ಮೊದಲು ಕೇಳಿದ ಪ್ರಶ್ನೆಗೆ ನನಗೆ ತೋಚುವ ಉತ್ತರ ಇಷ್ಟು. ಮಾತು ಹಳತಾದ ಮಾತ್ರಕ್ಕೆ ಹೇಳಿದವರು ಸುಳ್ಳುಗಾರರಾಗುವುದಿಲ್ಲ. ಆದರೆ ಆ ಮಾತನ್ನು ನಂಬಿ ಇನ್ನೂ ಯಾರೋ ನಡೆಯುತ್ತಿದ್ದಾರೆಂದು ಗೊತ್ತಿದ್ದೂ ಅದರ ವಯಸ್ಸನ್ನು ನಾಲ್ಕು ಮೆಟ್ಟಿಲ ಕೆಳಗೆ ಬಚ್ಚಿಟ್ಟರೆ, ಮಾತಿನಲ್ಲಿ ಒಂದಕ್ಷರ ಸುಳ್ಳಿಲ್ಲದಿದ್ದರೂ ಅದು ಮೋಸವೇ.

ಪೆಟ್ಟಿಗೆಯನ್ನು ವಾಪಸು ಕೊಡುವಾಗ ನಾನು ‘ಆಯ್ತು’ ಎನ್ನಲಿಲ್ಲ. ಅದರ ಬೆನ್ನಿಗೆ ಬಿಳಿ ಚೀಟಿ ಅಂಟಿಸಿ ಬರೆದೆ: ನಕ್ಷೆ 2019ರದು, ಆಮೇಲಿನ ರಸ್ತೆಗಳು ಇದರಲ್ಲಿಲ್ಲ. ಭಾವ ಕನ್ನಡಕ ಏರಿಸಿ ಓದಿದರು. ‘ಅಂದ್ರೆ ಮುಂದೆ ಕೇಳ್ಕೊಂಡು ಹೋಗ್ಬೇಕು ಅನ್ನು’ ಎಂದರು. ಅಕ್ಕ ಒಳಗಿನಿಂದ, ‘ನಾನು ಇಷ್ಟು ವರ್ಷ ಅದನ್ನೇ ಹೇಳ್ತಿರೋದು, ಗಾಡಿ ನಿಲ್ಸಿದ್ರೆ ತಾನೇ’ ಅಂದಳು.