ಎಣಿಕೆಗೆ ಭಾಷೆ ಉಂಟೇ?

ಎರಡಕ್ಕೆ ಎರಡು ಕೂಡಿದರೆ ನಾಲ್ಕು ಎಂಬುದು ಯಾವ ಭಾಷೆಯ ಸತ್ಯ? ಯಾವುದರದೂ ಅಲ್ಲ, ಸಂಖ್ಯೆಗಳು ನುಡಿ, ನೆಲ, ಕಾಲಗಳನ್ನು ಮೀರಿದವು ಎಂದು ಪ್ಲೇಟೋನ ಹಾದಿಯವರು ಹೇಳುತ್ತ ಬಂದಿದ್ದಾರೆ. ಆ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದನ್ನೇ ಹಿಡಿದು, ಗಣಿತವನ್ನು ಯಾವ ಭಾಷೆಯಲ್ಲಿ ಕಲಿಸಿದರೇನು ಎನ್ನುವುದು ತಪ್ಪು. ಸತ್ಯಕ್ಕೆ ಭಾಷೆ ಬೇಡದಿರಬಹುದು. ಅದನ್ನು ಕಾಣಬೇಕಾದ ಮಗುವಿಗೆ ಬೇಕು.

ಅಲಾಸ್ಕಾದ ಉತ್ತರದಂಚಿನಲ್ಲಿ ಕಕ್ಟೋವಿಕ್ ಎಂಬ ಪುಟ್ಟ ಊರಿದೆ. ಅಲ್ಲಿನ ಇನುಪಿಯಾಕ್ ಭಾಷೆ ಎಣಿಸುವುದು ಇಪ್ಪತ್ತಿಪ್ಪತ್ತರ ಲೆಕ್ಕದಲ್ಲಿ. ಅದರೊಳಗೆ ಐದೈದರ ಕಟ್ಟು. ಕೈಕಾಲುಗಳ ಬೆರಳೆಲ್ಲ ಸೇರಿದರೆ ಒಬ್ಬ ಪೂರ್ತಿ ಮನುಷ್ಯ, ಹಾಗಾಗಿ ಇಪ್ಪತ್ತರ ಹೆಸರು ಹುಟ್ಟಿರುವುದೇ ಮನುಷ್ಯ ಎಂಬ ಪದದಿಂದ. ಶಾಲೆಯ ಅಂಕಿಗಳಾದರೋ ಹತ್ತರವು. ಬಾಯಿ ಹೇಳುವ ಲೆಕ್ಕ ಒಂದು, ಕೈ ಬರೆಯುವುದು ಇನ್ನೊಂದು. 1994ರಲ್ಲಿ ಅಲ್ಲಿನ ಶಾಲಾಮಕ್ಕಳು ತಮ್ಮ ಮಾತಿಗೊಪ್ಪುವ ಇಪ್ಪತ್ತು ಅಂಕಿಗಳನ್ನು ತಾವೇ ರೂಪಿಸಿದರು. ಭಾಷೆಯಲ್ಲಿ ಹೆಸರೇ ಇಲ್ಲದ ಸೊನ್ನೆಗೂ ಗುರುತು ಮಾಡಿದರು. ನಾವು ಬರೆಯುವ 7ನ್ನು ಎಷ್ಟು ದಿಟ್ಟಿಸಿದರೂ ಅದರೊಳಗೆ ಏಳು ಕಾಣದು. ಅವರ ಅಂಕಿಯಲ್ಲಿ ಮೇಲೆ ಐದರ ಒಂದು ಗೆರೆ, ಕೆಳಗೆ ಒಂದರ ಎರಡು ಗೆರೆ ಕಣ್ಣೆದುರೇ ಇವೆ. ಕೂಡುವುದೆಂದರೆ ಬಹುಮಟ್ಟಿಗೆ ಗೆರೆಗಳನ್ನು ಒಟ್ಟುಗೂಡಿಸುವುದೇ. 2022ರಲ್ಲಿ ಈ ಅಂಕಿಗಳು ಯೂನಿಕೋಡಿಗೂ ಸೇರಿದವು. ಗಣಿತದ ಸತ್ಯ ಇಲ್ಲಿ ಕೂದಲೆಳೆಯಷ್ಟೂ ಬದಲಾಗಲಿಲ್ಲ, ಅದು ಮಕ್ಕಳ ಕಣ್ಣಳತೆಗೆ ಬಂತು.

ಮುಂದೆ ಇಂಗ್ಲಿಷಿನಲ್ಲಿ ಓದಬೇಕಾದವರಿಗೆ ಹೀಗೆ ಎರಡು ಬಗೆಯ ಎಣಿಕೆ ಕಲಿಯುವುದು ಹೊರೆಯಲ್ಲವೇ ಎಂದು ಕೇಳಬಹುದು. ಹತ್ತರ ಲೆಕ್ಕವನ್ನಷ್ಟೇ ಬಲ್ಲ ಮಗು ಸ್ಥಾನಬೆಲೆಯನ್ನು ಬಾಯಿಪಾಠ ಮಾಡಿಬಿಡಬಹುದು. ಇಪ್ಪತ್ತರದನ್ನೂ ಬಲ್ಲ ಮಗು ಹತ್ತು ಏಕೆ ಹತ್ತಾಯಿತೆಂದು ಯೋಚಿಸಲೇಬೇಕಾಗುತ್ತದೆ. ಇಂಥ ಭಾಷೆಗಳಲ್ಲಿ ಪಾರಿಭಾಷಿಕ ಪದಗಳಿಲ್ಲ ಎಂಬ ಆಕ್ಷೇಪಕ್ಕೆ ನಮ್ಮಲ್ಲೇ ಉತ್ತರವಿದೆ. ಒಂಬತ್ತನೆಯ ಶತಮಾನದಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ವನ್ನು ಬರೆದದ್ದು ಸಂಸ್ಕೃತದಲ್ಲಿ, ಹನ್ನೆರಡನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ಬಳಸಿದರೆ ಪದ ಹುಟ್ಟುತ್ತದೆ, ಎರವಲೂ ತನ್ನದಾಗುತ್ತದೆ. ನಿಜಕ್ಕೂ ಕಷ್ಟದ ಪ್ರಶ್ನೆ ಬೇರೆ: ಒಂದೇ ತರಗತಿಯಲ್ಲಿ ನಾಲ್ಕು ಮನೆಮಾತುಗಳಿದ್ದರೆ ಮೇಷ್ಟ್ರು ಏನು ಮಾಡಬೇಕು? ನಾಲ್ಕನ್ನೂ ಕಲಿಯಿರಿ ಎಂದು ಅವರಿಗೆ ಹೇಳಲಾಗದು. ಆದರೆ ಮಕ್ಕಳು ತಂತಮ್ಮಲ್ಲಿ ಮನೆಮಾತಿನಲ್ಲೇ ಲೆಕ್ಕವನ್ನು ಚರ್ಚಿಸಿ, ಆಮೇಲೆ ಶಾಲೆಯ ಭಾಷೆಯಲ್ಲಿ ಹೇಳಲು ಬಿಡುವುದಕ್ಕೆ ಖರ್ಚೇನೂ ಇಲ್ಲ. ಕನ್ನಡ ಮಾಧ್ಯಮಕ್ಕಾಗಿ ನಾವು ಹೂಡುವ ವಾದವೆಲ್ಲ ತಾಂಡಾದ ಲಂಬಾಣಿ ಮಗುವಿಗೂ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಗುವಿಗೂ ಸಲ್ಲುತ್ತದೆ. ಆ ಮಕ್ಕಳು ತಮ್ಮ ಮಾತಿನಲ್ಲಿ ಎಣಿಸಿದಾಗ, ಕನ್ನಡದ ಮೇಷ್ಟ್ರುಗಳೇ, ದಯವಿಟ್ಟು ಅವರನ್ನು ತಡೆಯಬೇಡಿ.