ಕುರ್ಚಿ ಹೋದ ಮರುದಿನ

ಮಂತ್ರಿಗಿರಿ ಹೋಗುವುದುಂಟು, ಪಕ್ಷದಿಂದ ಉಚ್ಚಾಟನೆಯಾಗುವುದೂ ಉಂಟು. ಆದರೆ ಮಂತ್ರಿಯಾಗಿದ್ದ ಸರ್ಕಾರವೇ, ಅದು ಆಳುತ್ತಿದ್ದ ಒಕ್ಕೂಟದ ಸಮೇತ ಇಲ್ಲವಾಗುವುದು ಅಪರೂಪ. ಫಿಲಿಸ್ ಶಾಂಡ್ ಆಲ್‌ಫ್ರೀ ಅವರ ಬಾಳಿನಲ್ಲಿ ಈ ಮೂರೂ ಒಟ್ಟೊಟ್ಟಿಗೇ ಬಂದವು.

ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪ ಡೊಮಿನಿಕಾ. ಅಲ್ಲಿನ ಬಿಳಿಯರ ಮನೆತನವೊಂದರಲ್ಲಿ 1908ರಲ್ಲಿ ಹುಟ್ಟಿದ ಆಲ್‌ಫ್ರೀ ಇಂಗ್ಲೆಂಡಿನಲ್ಲಿ ಬಹುಕಾಲ ಇದ್ದರು, 1953ರಲ್ಲಿ ‘ದಿ ಆರ್ಕಿಡ್ ಹೌಸ್’ ಎಂಬ ಕಾದಂಬರಿ ಪ್ರಕಟಿಸಿದರು. ಆಮೇಲೆ ಊರಿಗೆ ಮರಳಿ, ಕಾರ್ಮಿಕ ಮುಖಂಡ ಕ್ರಿಸ್ಟೋಫರ್ ಲೊಬ್ಲ್ಯಾಕ್ ಜೊತೆ ಸೇರಿ 1955ರಲ್ಲಿ ಡೊಮಿನಿಕಾ ಲೇಬರ್ ಪಕ್ಷವನ್ನು ಕಟ್ಟಿದರು. ಕರಿಯರೇ ಹೆಚ್ಚಿರುವ ದ್ವೀಪದಲ್ಲಿ ಬಿಳಿಯ ಹೆಂಗಸೊಬ್ಬಳು ಕೂಲಿಕಾರರ ಪರ ಮಾತಾಡಿದಾಗ ಜನ ನಂಬಿದರು, ಮತ ಕೊಟ್ಟರು.

1958ರಲ್ಲಿ ಹತ್ತು ಬ್ರಿಟಿಷ್ ವಸಾಹತುಗಳು ಕೂಡಿ ವೆಸ್ಟ್ ಇಂಡೀಸ್ ಒಕ್ಕೂಟವಾಯಿತು. ಅದರ ಸಂಪುಟದಲ್ಲಿದ್ದ ಒಬ್ಬಳೇ ಮಹಿಳೆ ಆಲ್‌ಫ್ರೀ. ಕಾರ್ಮಿಕ ಮತ್ತು ಸಾಮಾಜಿಕ ವ್ಯವಹಾರಗಳ ಖಾತೆ ಅವರದು. ಹೆಸರೇನೋ ದೊಡ್ಡದು, ಬೊಕ್ಕಸ ಮಾತ್ರ ಚಿಕ್ಕದು. ಮೊದಲ ಐದು ವರ್ಷ ಆದಾಯ ತೆರಿಗೆ ಹಾಕುವ ಅಧಿಕಾರವೇ ಆ ಸರ್ಕಾರಕ್ಕಿರಲಿಲ್ಲ. ಆ ಐದು ವರ್ಷವೂ ತುಂಬಲಿಲ್ಲ. 1961ರ ಜನಮತಗಣನೆಯಲ್ಲಿ ಜಮೈಕಾ ಹೊರನಡೆಯಿತು. ಹತ್ತರಲ್ಲಿ ಒಂದು ಕಳೆದರೆ ಉಳಿಯುವುದು ಸೊನ್ನೆ ಎಂದು ಟ್ರಿನಿಡಾಡಿನ ನಾಯಕ ಎರಿಕ್ ವಿಲಿಯಮ್ಸ್ ಲೆಕ್ಕ ಮುಗಿಸಿದರು. 1962ರ ಮೇ 31ಕ್ಕೆ ಒಕ್ಕೂಟ ವಿಸರ್ಜನೆಯಾಯಿತು. ಅದೇ ಹೊತ್ತಿನಲ್ಲಿ, ಪತ್ರಿಕೆಯಲ್ಲಿ ಬರೆದ ಟೀಕೆಗಾಗಿ, ತಾವೇ ಹುಟ್ಟುಹಾಕಿದ ಪಕ್ಷದಿಂದಲೂ ಆಲ್‌ಫ್ರೀ ಹೊರಬಿದ್ದರು.

ಊರಿನಲ್ಲಿ ಉಳಿದದ್ದು ಬರವಣಿಗೆಯೊಂದೇ. 1965ರಲ್ಲಿ ಗಂಡನೊಂದಿಗೆ ‘ದಿ ಸ್ಟಾರ್’ ಎಂಬ ವಾರಪತ್ರಿಕೆ ಶುರುಮಾಡಿದರು. ದೊಡ್ಡ ಅಚ್ಚುಕೂಟವಿಲ್ಲ; ಸ್ಟೆನ್ಸಿಲ್ ಮೇಲೆ ಟೈಪ್ ಮಾಡಿ, ಸೈಕ್ಲೋಸ್ಟೈಲ್ ತೆಗೆದ ಹಾಳೆಗಳು. 1968ರಲ್ಲಿ ಲೇಬರ್ ಸರ್ಕಾರ ಪತ್ರಿಕೆಗಳಿಗೆ ಕಡಿವಾಣ ಹಾಕುವ ಮಸೂದೆ ತಂದಿತು. ಜನ ಅದನ್ನು ‘ಬಾಯಿ ಮುಚ್ಚು’ ಮಸೂದೆ ಎಂದೇ ಕರೆದರು. ಆಲ್‌ಫ್ರೀ, ಲೊಬ್ಲ್ಯಾಕ್, ವಕೀಲೆ ಯುಜೀನಿಯಾ ಚಾರ್ಲ್ಸ್ ಎದುರು ನಿಂತರು. ಆ ಹೋರಾಟದಿಂದ ಹುಟ್ಟಿದ ಫ್ರೀಡಂ ಪಕ್ಷದಿಂದ ಚಾರ್ಲ್ಸ್ 1980ರಲ್ಲಿ ಪ್ರಧಾನಿಯಾದರು. ಆಲ್‌ಫ್ರೀ ಅವರಿಗೆ ಮತ್ತೆ ಮಂತ್ರಿ ಪದವಿ ಸಿಗಲಿಲ್ಲ. 1982ರವರೆಗೆ ಪತ್ರಿಕೆ ನಡೆಸಿ, 1986ರಲ್ಲಿ ಬಡತನದಲ್ಲೇ ತೀರಿಕೊಂಡರು.

ಆ ಬಡತನವನ್ನು ಹೊಗಳಬೇಕಾಗಿಲ್ಲ. ಅದು ಕಷ್ಟವೇ. ಆದರೆ ಒಂದು ಮಾತು ಗಮನಿಸಬೇಕು. ಮಂತ್ರಿಯಾಗಿದ್ದಾಗ ಅವರ ಕೈಯಲ್ಲಿ ಖಾತೆಯಿತ್ತು, ಕೆಲಸ ಮಾಡಿಸಲು ಹಣವಿರಲಿಲ್ಲ. ಖಾತೆ ಹೋದ ಮೇಲೆ, ಮಸಿ ಹರಡಿದ ನಾಲ್ಕು ಹಾಳೆಯಂಥ ಪತ್ರಿಕೆಗಳಿಗೆ ಹೆದರಿ ಆಳುವವರು ಕಾನೂನನ್ನೇ ತರಬೇಕಾಯಿತು. ಸಾರ್ವಜನಿಕ ಬದುಕನ್ನು ನಾವು ಕುರ್ಚಿಗಳಿಂದ ಎಣಿಸುತ್ತೇವೆ. ಯಾರ ತೂಕ ಎಲ್ಲಿತ್ತೆಂಬುದು ಆ ಎಣಿಕೆಗೆ ಸಿಗುವುದಿಲ್ಲ.

ಹುದ್ದೆ ನಮಗೆ ಬೇರೆಯವರು ಕೊಡುವಂಥದ್ದು. ಕೊಟ್ಟವರು ಹಿಂದಕ್ಕೆ ತೆಗೆದುಕೊಳ್ಳಬಹುದು. ಅದು ಹೋದ ಮರುದಿನ ಎದ್ದು ಮಾಡಲು ನಮ್ಮದೇ ಎನ್ನುವ ಕೆಲಸ ಯಾವುದು? ಇದನ್ನು ಹುದ್ದೆಯಲ್ಲಿರುವಾಗಲೇ ಕೇಳಿಕೊಳ್ಳುವುದು ಮೇಲು. ಆಲ್‌ಫ್ರೀ ಮಂತ್ರಿಯಾಗುವ ಮೊದಲೇ ಬರಹಗಾರ್ತಿಯಾಗಿದ್ದರು.