ಬಾವಿಯ ನಡುವೆ ನಿಲ್ಲದೆ

ಹರಿಹರ ತಾಲ್ಲೂಕಿನ ನಂದಿಗುಡಿಯ ಕಡೆ ಹಳೆಯದೊಂದು ದುಂಡು ಬಾವಿಯ ತ್ರಿಜ್ಯ ಅಳೆಯಬೇಕು ಅಂದುಕೊಳ್ಳಿ. ಪುಸ್ತಕದಲ್ಲಾದರೆ ಕೈವಾರದ ಮುಳ್ಳು ಊರಿದ ಮೇಲೆಯೇ ವೃತ್ತ. ಹರಿಹರೇಶ್ವರ ದೇವಾಲಯದ ಕಡೆದ ಕಂಬಗಳದ್ದೂ ಅದೇ ಕ್ರಮ. 1224ರಲ್ಲಿ ಪೋಲಾಳ್ವ ದಂಡನಾಥ ಕಟ್ಟಿಸಿದಾಗ ಶಿಲ್ಪಿಗೆ ಮೊದಲು ನಡು ಗೊತ್ತಾಗಿರಬೇಕು, ದುಂಡು ಆಮೇಲೆ. ಬಾವಿಯಲ್ಲಿ ಮಾತ್ರ ನಡುವೆ ಇರುವುದು ನೀರು. ಅಲ್ಲಿ ಗೂಟ ಹೊಡೆಯುವವರು ಯಾರು?

ಅಂಚಿನಲ್ಲೇ ಇದ್ದು ಕೆಲಸ ಮುಗಿಸಬಹುದು. ಒಂದು ಹಗ್ಗವನ್ನು ಅಂದಾಜಿನ ಉದ್ದಕ್ಕೆ ಹಿಡಿದು, ಅಂಚಿನ ಒಂದು ಗುರುತಿನಿಂದ ಇನ್ನೊಂದಕ್ಕೆ ಬಿಗಿಯಾಗಿ ಎಳೆಯಿರಿ. ಮೂರನೆಯ ಸಲಕ್ಕೆ ಸರಿಯಾಗಿ ಹೊರಟಲ್ಲಿಗೇ ಬರುವವರೆಗೆ ಉದ್ದವನ್ನು ಹೆಚ್ಚುಕಡಿಮೆ ಮಾಡಿ. ಈಗ ಬಾವಿಯೊಳಗೆ ಸಮಬಾಹು ತ್ರಿಭುಜ ಕೂತಿದೆ. ಒಂದು ಬಾಹುವಿನ ಎರಡು ತುದಿಗೂ ಕೇಂದ್ರದಿಂದ ಗೆರೆ ಎಳೆದರೆ ನಡುವಿನ ಕೋನ 120 ಡಿಗ್ರಿ. ಅದರ ಅರ್ಧ 60. ಅಂದರೆ ಅರ್ಧ ಬಾಹುವನ್ನು ತ್ರಿಜ್ಯದಿಂದ ಭಾಗಿಸಿದರೆ ಸೈನ್ 60, ಅಂದರೆ 0.866 ಬರಬೇಕು. ಹಾಗಾಗಿ ಹಗ್ಗದ ಉದ್ದವನ್ನು 1.732ರಿಂದ ಭಾಗಿಸಿದರೆ ತ್ರಿಜ್ಯ ಸಿಕ್ಕಿತು. ಹಗ್ಗ 5.2 ಮೀಟರ್ ಇದ್ದರೆ ತ್ರಿಜ್ಯ ಸುಮಾರು 3 ಮೀಟರ್.

1150ರ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯ ಇದೇ ಲೆಕ್ಕವನ್ನು ತಿರುಗಿಸಿ ಕೊಟ್ಟಿದ್ದಾನೆ: ವ್ಯಾಸವನ್ನು 103923ರಿಂದ ಗುಣಿಸಿ 120000ರಿಂದ ಭಾಗಿಸಿದರೆ ತ್ರಿಭುಜದ ಬಾಹು. ಇಂದಿನ ಕ್ಯಾಲ್ಕುಲೇಟರಿನ ಉತ್ತರಕ್ಕೂ ಅದಕ್ಕೂ ಆರು ದಶಮಾಂಶ ಸ್ಥಾನದವರೆಗೆ ವ್ಯತ್ಯಾಸವಿಲ್ಲ. ನನಗೆ ಇನ್ನೂ ಹತ್ತಿರದವನು ಮಹಾವೀರಾಚಾರ್ಯ. ‘ಗಣಿತಸಾರಸಂಗ್ರಹ’ದ ಆರಂಭದಲ್ಲಿ ಅಮೋಘವರ್ಷ ನೃಪತುಂಗನನ್ನು ಕೊಂಡಾಡುವ ಈ ಒಂಬತ್ತನೆಯ ಶತಮಾನದ ಜೈನ ಗಣಿತಜ್ಞ, ಬ್ರಹ್ಮಗುಪ್ತ ಹೇಳಿದ್ದ ಸೂತ್ರವನ್ನು ಮತ್ತೆ ಹೇಳಿದ: ತ್ರಿಭುಜದ ಎರಡು ಬಾಹುಗಳ ಗುಣಲಬ್ಧವನ್ನು ಅವೆರಡರ ನಡುವಿನ ಶೃಂಗದಿಂದ ಎಳೆದ ಎತ್ತರದಿಂದ ಭಾಗಿಸಿದರೆ ಸುತ್ತಿನ ವೃತ್ತದ ವ್ಯಾಸ. ಸಮಬಾಹು ಆಗಲೇಬೇಕೆಂದಿಲ್ಲ. ಅಂಚಿನ ಯಾವ ಮೂರು ಬಿಂದುವಾದರೂ ಸಾಕು. ಸಮಬಾಹುವಿನಲ್ಲಿ ಎತ್ತರವನ್ನು ಬೇರೆಯಾಗಿ ಅಳೆಯುವ ಕಷ್ಟ ತಪ್ಪುತ್ತದೆ, ಅಷ್ಟೇ.

ಬಾವಿ ನಿಜಕ್ಕೂ ದುಂಡಗಿದೆಯೇ ಎಂಬುದನ್ನೂ ನೋಡಬೇಕು. ಅಂಚಿನ ಸುತ್ತಳತೆ ತ್ರಿಜ್ಯದ 6.28 ಪಟ್ಟು ಬರದಿದ್ದರೆ ಗೋಡೆ ಎಲ್ಲೋ ಓರೆಯಾಗಿದೆ. ಹತ್ತನೆಯ ತರಗತಿಯ ಮಕ್ಕಳನ್ನು, ಗಟ್ಟಿ ಕಟ್ಟೆಯಿರುವ ಬಾವಿಗೆ, ಮೇಷ್ಟ್ರು ಜೊತೆಗಿದ್ದು ಕರೆದೊಯ್ದು ಈ ಲೆಕ್ಕ ಮಾಡಿಸಬೇಕು ಎಂಬುದು ನನ್ನ ಆಸೆ. 3 ಮೀಟರ್ ತ್ರಿಜ್ಯದ ಬಾವಿಯಲ್ಲಿ ನೀರು ಒಂದು ಮೀಟರ್ ಇಳಿದರೆ ಖರ್ಚಾದದ್ದು ಸುಮಾರು 28,000 ಲೀಟರ್ ಎಂದು ಅವರು ಅಲ್ಲೇ ನಿಂತು ಹೇಳಬಲ್ಲರು.